ಮೂರನೇ ಮಹಡಿಗೆ ಸಿಕ್ಕ ಪರವಾನಗಿ

ಕೈರೋದಲ್ಲಿ ಮದುವೆಗೆ ಯಾರೂ ಕಾಗದ ಕೇಳುವುದಿಲ್ಲ. ನಾನು ಮದುವೆ ಮೆರವಣಿಗೆಗಳಲ್ಲಿ ದೊಡ್ಡ ಡೋಲು ಬಾರಿಸುವವನು, ಹೆಸರು ಬಯ್ಯೂಮಿ. ಇದು ನನಗೆ ಗೊತ್ತಿಲ್ಲದಿದ್ದರೆ ಇನ್ನಾರಿಗೆ ಗೊತ್ತಿರಬೇಕು? ನಡುರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಕುಣಿಯಿರಿ, ಸೇತುವೆಯ ಮೇಲೆ ಬಸ್ಸು ತಡೆದು ತುತ್ತೂರಿ ಊದಿರಿ, ಟ್ರಾಫಿಕ್ ಪೊಲೀಸನೇ ಬಂದು ಎರಡು ಹೆಜ್ಜೆ ಹಾಕಿ ಹೋಗುತ್ತಾನೆ. ವಿಡಿಯೋದವರು ಏಣಿ ಹತ್ತಲಿ, ಲೈಟು ಕಟ್ಟಲಿ, ಕೇಳುವವರಿಲ್ಲ. ಅದೇ ಕ್ಯಾಮೆರಾವನ್ನು ಅದೇ ಜಾಗದಲ್ಲಿ ಮದುವೆಯಿಲ್ಲದ ದಿನ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಇಟ್ಟು ನೋಡಿ. ಮೊದಲು ಕಾಫಿ ಅಂಗಡಿಯವನು ಬರುತ್ತಾನೆ, ಆಮೇಲೆ ಯಾರೋ ದಾರಿಹೋಕ, ಆಮೇಲೆ ಪೊಲೀಸು. ಮೂವರ ಬಾಯಲ್ಲೂ ಒಂದೇ ಮಾತು, ಕಾಗದ ಎಲ್ಲಿ? ಬೀದಿ ನಮ್ಮದು, ಬಾಳು ನಮ್ಮದು, ಅದನ್ನು ನೋಡುವುದಕ್ಕೆ ಕಾಗದ ಅವರದು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಸಮೀಹಾಳ ವಿಷಯ ಹೇಳಿ ಮುಗಿಸದೆ ಈ ಉರಿ ಆರುವಂಥದ್ದಲ್ಲ.

ಸಮೀಹಾ ನಮ್ಮ ಸಬ್ಬಾಗ್ ಗಲ್ಲಿಯವಳೇ. ಅವಳಪ್ಪ ಸ್ಟೌ ರಿಪೇರಿ ಮಾಡುತ್ತಿದ್ದ. ಹೆಂಗಸರ ಕಡೆಗೆ ಗಂಡಸು ಕ್ಯಾಮೆರಾ ಹಿಡಿದು ಬರಬಾರದು ಎನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರೆಲ್ಲರ ಮದುವೆಗೂ ಸಮೀಹಾಳೇ ಆಗಬೇಕು. ದಪ್ಪಗಿನ ಮೈ, ಕಾಲಿಗೆ ಗಂಡಸರ ಶೂ, ಕೆನ್ನೆಯೊಳಗೆ ಸದಾ ಸೂರ್ಯಕಾಂತಿ ಬೀಜ. ಕ್ಯಾಮೆರಾ ಕಣ್ಣಿಗೆ ಒತ್ತಿಕೊಂಡೇ ಬೀಜ ಒಡೆದು ಸಿಪ್ಪೆಯನ್ನು ಪಕ್ಕಕ್ಕೆ ಉಗಿಯುವಳು, ಚಿತ್ರ ಮಾತ್ರ ಅಲುಗುತ್ತಿರಲಿಲ್ಲ. ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದು ಅವಳು ಕರೆಯುವ ಮದುವೆ ಮನೆಯ ಮುದುಕಿಯರು ಬಿಟ್ಟಾರೆಯೇ?

"ಊರವರ ಮದುವೆನೆಲ್ಲ ಹಿಡಿದೆಯಲ್ಲೇ ತಾಯಿ, ನಿಂದ್ಯಾವಾಗ?"

"ನನ್ನ ಮದುವೇಲಿ ಕ್ಯಾಮೆರಾ ಹಿಡಿಯೋರು ಯಾರು, ಖಾಲ್ತಿ? ಅದಕ್ಕೇ ಮುಂದಕ್ಕೆ ಹೋಗ್ತಿದೆ," ಎಂದು ಅವಳು ಬೀಜ ಒಡೆಯುವಳು.

ಇಷ್ಟು ವರ್ಷ ಬೇರೆಯವರಿಗೆ ಬೇಕಾದ್ದನ್ನು ಹಿಡಿದುಕೊಟ್ಟವಳಿಗೆ ತನ್ನದೂ ಒಂದು ಚಿತ್ರ ಬೇಕು ಎನ್ನುವ ಆಸೆಯಿತ್ತು. ದೊಡ್ಡದೇನೂ ಅಲ್ಲ. ಅದೀಲಾಳ ಬಾಲ್ಕನಿಯಿಂದ ಮದುವೆಯ ಉಡುಪು ಇಳಿಯುವುದನ್ನು ಹಿಡಿಯಬೇಕು, ಅಷ್ಟೇ.

ಅದೀಲಾ ಗಲ್ಲಿಯ ದರ್ಜಿ. ಮೂರನೇ ಮಹಡಿಯಲ್ಲಿ ಮನೆ. ನಮ್ಮ ಸುತ್ತಿನ ಅರ್ಧಕ್ಕರ್ಧ ಮದುವಣಗಿತ್ತಿಯರು ಅವಳು ಹೊಲಿದ ಬಿಳಿ ಉಡುಪಿನಲ್ಲೇ ಹೋದವರು. ಆ ಕಟ್ಟಡದ ಮೆಟ್ಟಿಲಿನಲ್ಲಿ ಚರಂಡಿ ನೀರು, ಇಲಿ, ಕತ್ತಲೆ. ಬಿಳಿ ರೇಷ್ಮೆಯನ್ನು ಅಲ್ಲಿ ಇಳಿಸಿ ತರುವುದುಂಟೇ? ಅದಕ್ಕೆ ಅವಳು ಉಡುಪನ್ನು ಒಗೆದ ದುಪ್ಪಟಿಯಲ್ಲಿ ಕಟ್ಟಿ ಬಾಲ್ಕನಿಯಿಂದ ಹಗ್ಗದಲ್ಲಿ ಇಳಿಸುತ್ತಿದ್ದಳು. ಕೆಳಗೆ ಮದುಮಗಳ ಕಡೆಯ ಹೆಂಗಸರು ಕೈ ಚಾಚಿ ನಿಂತು, ನಾಲಿಗೆ ಆಡಿಸಿ ಜಗರೀತ್ ಎನ್ನುವ ಸಂಭ್ರಮದ ಕೂಗು ಹಾಕುತ್ತಿದ್ದರು. ಹಗ್ಗ ಕದಲಿದ ಕ್ಷಣದಿಂದ ಗಂಟು ಕೈಗೆ ಬರುವವರೆಗೆ ಡೋಲು ನಿಲ್ಲಬಾರದು. ಇನ್ನೊಂದು ಕಟ್ಟಳೆ: ಇಳಿಯುವುದಕ್ಕೆ ಶುರುವಾದ ಉಡುಪು ಮತ್ತೆ ಮೇಲಕ್ಕೆ ಹೋಗಬಾರದು, ಹೋದರೆ ಹುಡುಗಿ ತವರಿಗೆ ವಾಪಸು ಬಂದಂತೆ. ಇದೆಲ್ಲ ಬೇರೆ ಗಲ್ಲಿಯಲ್ಲಿಲ್ಲ, ನಮ್ಮಲ್ಲಿ ಮಾತ್ರ.

ಒಂದು ದಿನ ಪಾಲಿಕೆಯವರು ಬಂದು ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ಮೇಲ್ಸೇತುವೆ ಬರುತ್ತದಂತೆ, ಗಲ್ಲಿ ಹೋಗುತ್ತದಂತೆ. ಅವತ್ತು ಸಂಜೆ ಸಮೀಹಾ ನನ್ನ ಬಾಗಿಲಿಗೆ ಬಂದಳು. ಮೇಳದ ಯಜಮಾನನೆಂದು ಅವಳು ನನ್ನನ್ನು ಕರೆಯುವುದು ಉಸ್ತಾ ಎಂದು.

"ಉಸ್ತಾ, ಇನ್ನು ಕಾಯೋಕಾಗಲ್ಲ. ಅದೀಲಾ ಖಾಲ್ತಿ ಆ ಬಾಲ್ಕನೀಲಿ ಇರೋವಾಗ್ಲೇ ಹಿಡೀಬೇಕು."

ಮಾರನೆಯ ದಿನ ಅವಳು ಗಲ್ಲಿಯಲ್ಲಿ ಸ್ಟ್ಯಾಂಡು ನೆಟ್ಟಳು. ಅದೀಲಾ ಮೇಲೆ ಹಗ್ಗಕ್ಕೆ ಮೇಣ ಉಜ್ಜುತ್ತಿದ್ದಳು, ಅದನ್ನು ಹಿಡಿಯುವ ಇರಾದೆ. ಚಹಾ ಆರುವುದರೊಳಗೆ ಪಕ್ಕದ ಬೀದಿಯ ಒಬ್ಬ ಮಹಾನುಭಾವ ಬಂದು ಲೆನ್ಸಿಗೆ ಅಂಗೈ ಅಡ್ಡ ಇಟ್ಟ.

"ಯಾರಿಗೋಸ್ಕರ ಹಿಡೀತಿದ್ದೀಯಮ್ಮಾ? ನಮ್ಮ ಬಿರುಕು ಗೋಡೆ ತೋರ್ಸಿ ಹೊರಗಿನೋರ ಹತ್ರ ಬಹುಮಾನ ಹೊಡೆಯೋಕಾ? ದೇಶದ ಮರ್ಯಾದೆ ತೆಗೀತೀಯಾ?"

"ಗೋಡೆ ಬಿರುಕು ಬಿಟ್ಟಿದ್ದು ನನ್ನ ಕ್ಯಾಮೆರಾದಿಂದ ಅಲ್ಲಪ್ಪ. ಕೈ ತೆಗಿ."

ಅವನು ಕೈ ತೆಗೆಯಲಿಲ್ಲ, ಪೊಲೀಸನನ್ನು ಕರೆದ. ಪೊಲೀಸಿನವನು ಸಮೀಹಾಳನ್ನು ಬಲ್ಲವನೇ. ಅವನ ತಂಗಿಯ ಮದುವೆ ಹಿಡಿದಿದ್ದವಳು ಇವಳು. ಅವನಿಗೂ ಸಂಕಟ. "ಮದುವೆ ಹಿಡೀರಿ, ಯಾರು ಬೇಡ ಅಂತಾರೆ? ಇದೇನ್ರೀ, ಬರೀ ಮುದುಕಿ, ಹಗ್ಗ. ನೋಡಿದೋರು ಏನಂದ್ಕೊಳ್ತಾರೆ? ಪರವಾನಗಿ ತಗೊಂಡು ಬನ್ನಿ, ನಾನೇ ಕುರ್ಚಿ ಹಾಕ್ಕೊಡ್ತೀನಿ."

ಹೋದೆವು. ನಾನೂ ಜೊತೆಗೆ ಹೋದೆ, ಒಬ್ಬಳೇ ಹೋದರೆ ಇನ್ನಷ್ಟು ಕುಣಿಸುತ್ತಾರೆ ಎಂದು. ಪರವಾನಗಿ ಕಚೇರಿಯಲ್ಲಿ ವಗ್ದಿ ಅಂತ ಒಬ್ಬ ಅಧಿಕಾರಿ, ಓದಿದವರನ್ನು ಕರೆಯುವ ಹಾಗೆ ಅವನನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ತೆಳ್ಳಗಿನ ಮನುಷ್ಯ, ಮಾತು ಮೃದು. ಗದರುವವನಾದರೂ ಆಗಿದ್ದರೆ ನಾನೂ ಗದರಬಹುದಿತ್ತು.

"ಕಥೆ ಏನು?" ಎಂದ.

"ಕಥೆ ಇಲ್ಲ ಉಸ್ತಾದ್. ಒಬ್ರು ದರ್ಜಿ ಬಾಲ್ಕನಿಯಿಂದ ಮದುವೆ ಉಡುಪು ಇಳಿಸ್ತಾರೆ."

"ಆಮೇಲೆ?"

"ಕೆಳಗಿರೋರು ತಗೊಳ್ತಾರೆ."

"ಆಮೇಲೆ?"

"ಅಷ್ಟೇ."

"ಅಷ್ಟೇ ಆಗಿದ್ರೆ ಇದಕ್ಕೆ ಪರವಾನಗಿ ಯಾಕೆ?"

"ನಾನೂ ಅದನ್ನೇ ಕೇಳ್ತಿರೋದು."

ವಗ್ದಿ ನಗಲಿಲ್ಲ. "ಆಕೆ ಮಾತಾಡ್ತಾರಾ?"

"ಅವರು ಸುಮ್ನಿದ್ದಿದ್ದನ್ನ ನಮ್ಮ ಗಲ್ಲೀಲಿ ಯಾರೂ ನೋಡಿಲ್ಲ."

"ಏನು ಮಾತಾಡ್ತಾರೆ ಅಂತ ಬರ್ಕೊಂಡು ಬನ್ನಿ. ಬಾಯಿಗೆ ಬಂದಿದ್ದಕ್ಕೆಲ್ಲ ನಾನು ಮುದ್ರೆ ಒತ್ತೋಕಾಗಲ್ಲ."

ಹಾಗೆ ಶುರುವಾಯಿತು. ಕಂಪನಿಯ ಹೆಸರು ಬೇಕು ಎಂದರು; ಜಾಹೀರಾತು ಮಾಡುವ ಯಾವನದೋ ಕಾಲು ಹಿಡಿದು ಅವನ ಕಂಪನಿಯ ಹೆಸರು ತಂದಳು. ಕಲಾವಿದರ ಸಂಘದ ಒಪ್ಪಿಗೆ ಬೇಕು ಎಂದರು. ಮದುವೆ ವಿಡಿಯೋದವರನ್ನು ಸಂಘದವರು ಬಾಗಿಲೊಳಗೇ ಬಿಡಲಿಲ್ಲ, ಅಲ್ಲಿ ಬಿಸಿಲಲ್ಲಿ ಕೂತು ಕೂತು ಅದನ್ನೂ ತಂದಳು. ಅದು ತಂದರೆ ಇದು, ಇದು ತಂದರೆ ಮತ್ತೊಂದು. ಆಗದ ಕೆಲಸಕ್ಕೆ ನಮ್ಮಲ್ಲಿ 'ನಾಳೆ, ಜರ್ದಾಳು ಹಣ್ಣಾದಾಗ' ಎನ್ನುತ್ತಾರೆ. ಆ ಕಚೇರಿಯ ಗೋಡೆಯ ಮೇಲೆ ಅದನ್ನೇ ಬರೆಸಿ ಹಾಕಿದ್ದರೆ ಜನಕ್ಕೆ ಓಡಾಟವಾದರೂ ತಪ್ಪುತ್ತಿತ್ತು.

ಅದೀಲಾಳ ಮಾತು ಬರೆಯಲು ಅವಳ ಮನೆಯಲ್ಲೇ ಕೂತೆವು. ಅವಳು ಸೂಜಿಗೆ ದಾರ ಪೋಣಿಸುತ್ತಾ ಅಂದಳು, "ನಾಳೆ ನನ್ನ ಬಾಯಲ್ಲಿ ಏನು ಬರುತ್ತೋ ನನಗೇ ಗೊತ್ತಿಲ್ಲ, ಆ ವಗ್ದಿಗೆ ಇವತ್ತೇ ಹೆಂಗೆ ಹೇಳ್ಲೇ? ಅವನೇನು ನನ್ನ ಗಂಡನಾ?"

"ಏನೋ ಒಂದು ಹೇಳು ಖಾಲ್ತಿ. ಮೆಟ್ಟಿಲಿಂದ ಯಾಕೆ ತರಲ್ಲ ಅಂತ ಹೇಳು."

"ಮೆಟ್ಟಿಲು ಹಾಳಾಗಿ ಹೋಗಿದೆ, ಚರಂಡಿ ನೀರು ಮೊಣಕಾಲುದ್ದ, ಅರ್ಜಿ ಕೊಟ್ಟೂ ಕೊಟ್ಟೂ ನನ್ನ ಕೂದಲು ಬೆಳ್ಳಗಾಯ್ತು, ಒಬ್ಬನೂ ಬಂದು ನೋಡ್ಲಿಲ್ಲ. ಅದಕ್ಕೇ ಹಗ್ಗ. ಬರ್ಕೋ, ಒಂದಕ್ಷರ ಬಿಡ್ಬೇಡ."

ಸಮೀಹಾ ಬರೆದಳು, ಕೊಟ್ಟಳು. ಅದು ವಾಪಸು ಬಂದಾಗ ಅದೀಲಾಳ ಮಾತಿಗೆಲ್ಲ ಕೆಂಪು ಗೆರೆ ಹೊಡೆದಿತ್ತು. ಪಕ್ಕದಲ್ಲಿ ವಗ್ದಿಯ ಚೆಂದದ ಅಕ್ಷರದಲ್ಲಿ ಬೇರೆ ಮಾತು: 'ನಮ್ಮ ಗಲ್ಲಿ ಬಹಳ ಸ್ವಚ್ಛವಾಗಿದೆ. ಇಲ್ಲಿ ಯಾರಿಗೂ ಯಾವ ತೊಂದರೆಯೂ ಇಲ್ಲ.' ಕಸದ ರಾಶಿ, ಒಣಹಾಕಿದ ಬಟ್ಟೆ, ಬಿರುಕು ಗೋಡೆ ಚಿತ್ರದಲ್ಲಿ ಬರಕೂಡದು ಎಂದೂ ಕೆಳಗೆ ಬರೆದಿದ್ದ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಅದನ್ನು ಓದಿ ಹೇಳಿದಾಗ ಅದೀಲಾ ಕತ್ತರಿ ಕೆಳಗಿಟ್ಟಳು. "ಗಲ್ಲಿ ಸ್ವಚ್ಛವಾಗಿದ್ರೆ ಉಡುಪನ್ನ ನಾನ್ಯಾಕೆ ಹಗ್ಗದಲ್ಲಿ ಇಳಿಸ್ತಿದ್ದೆ? ನನಗೇನು ಹುಚ್ಚಾ? ಅರವತ್ತು ವರ್ಷ ಯಾರ ಮಾತೂ ಸಾಲ ತಂದು ಆಡಿಲ್ಲ ನಾನು. ಈಗ ಆ ಸರ್ಕಾರಿ ಗುಮಾಸ್ತನ ಮಾತು ನನ್ನ ಬಾಯಲ್ಲಿ?"

"ಪರವಾನಗಿ ಸಿಗ್ಲಿ ಖಾಲ್ತಿ. ಸಿಕ್ಕ ಮೇಲೆ ನೋಡ್ಕೊಳ್ಳೋಣ," ಎಂದಳು ಸಮೀಹಾ. ಸಿಗಲಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಇತ್ತ ಗಲ್ಲಿಯ ಆ ತುದಿಯಲ್ಲಿ ಮನೆ ಕೆಡವುವ ಯಂತ್ರ ಬಂದು ನಿಂತಿತು.

ಆಗ ನನ್ನ ತಲೆಯಲ್ಲಿ ಹೊಳೆಯಿತು. ಮದುವೆಗೆ ಯಾರೂ ಕಾಗದ ಕೇಳುವುದಿಲ್ಲವಲ್ಲ? ನನ್ನ ಮಗಳು ಹನಿಯ್ಯಾಳ ಮದುವೆ ಈದ್ ಕಳೆದ ಮೇಲೆ ಎಂದು ನಿಶ್ಚಯವಾಗಿತ್ತು, ಉಡುಪು ಅದೀಲಾಳ ಬಳಿ ಹೊಲಿದು ಸಿದ್ಧವಾಗಿತ್ತು. ಹೇಗೂ ಅದು ಆ ಬಾಲ್ಕನಿಯಿಂದಲೇ ಇಳಿಯಬೇಕು. ಈಗಲೇ ಇಳಿಯಲಿ. ಮೇಳ ನನ್ನದು, ಮಗಳು ನನ್ನವಳು, ಕ್ಯಾಮೆರಾ ಸಮೀಹಾಳದು.

ಒಂದು ಶುಕ್ರವಾರ, ಮಸೀದಿಯಿಂದ ಜನ ವಾಪಸು ಬಂದ ಮೇಲೆ, ಮೇಳ ಕಟ್ಟಿದೆವು. ತುತ್ತೂರಿ, ಡೋಲು, ಕೆಂಪು ಶರಬತ್ತು, ಹೂ ಕಟ್ಟಿದ ಕಾರು. ಹನಿಯ್ಯಾ ಸಿಂಗರಿಸಿಕೊಂಡು ಕಾರಿನ ಪಕ್ಕ ನಿಂತಳು. ಅರ್ಧ ಗಲ್ಲಿ ಆಗಲೇ ಸಾಮಾನು ಕಟ್ಟಿತ್ತು. ಆದರೂ ಡೋಲಿನ ಸದ್ದಿಗೆ ಎಲ್ಲರೂ ಹೊರಗೆ ಬಂದರು. ಲೆನ್ಸಿಗೆ ಕೈ ಅಡ್ಡ ಇಟ್ಟಿದ್ದ ಆ ಮಹಾನುಭಾವನೂ ಬಂದ, ಎರಡು ಲೋಟ ಶರಬತ್ತು ಕುಡಿದ, ಸಮೀಹಾಳಿಗೆ "ಈ ಕಡೆಯಿಂದ ಹಿಡೀಮ್ಮಾ, ಬೆಳಕು ಚೆನ್ನಾಗಿದೆ," ಎಂದು ಬುದ್ಧಿ ಹೇಳಿದ. ನನಗೆ ನಗೆ ತಡೆಯಲಾಗಲಿಲ್ಲ.

ಅದೀಲಾ ಬಾಲ್ಕನಿಗೆ ಬಂದಳು. ಗಂಟನ್ನು ಕಂಬಿಯ ಆಚೆ ಬಿಟ್ಟಳು. ಹೆಂಗಸರು ಜಗರೀತ್ ಹಾಕಿದರು, ನಾನು ಡೋಲಿಗೆ ಕೋಲು ಕೊಟ್ಟೆ. ಸಮೀಹಾ ಸ್ಟ್ಯಾಂಡಿನ ಹಿಂದೆ ಬಗ್ಗಿದ್ದಳು. ಅವತ್ತೊಂದು ದಿನ ಅವಳ ಕೆನ್ನೆಯಲ್ಲಿ ಬೀಜವಿರಲಿಲ್ಲ. ಗಂಟು ಎರಡನೇ ಮಹಡಿಯ ಹತ್ತಿರಕ್ಕೆ ಬಂದಾಗ ಪೊಲೀಸ್ ಜೀಪು ಬಂತು. ಹೊಸ ಅಧಿಕಾರಿ, ಹುಡುಗು ಮುಖ. ಜಗಳಕ್ಕೆ ಬಂದವನಲ್ಲ, ಯಂತ್ರಕ್ಕೆ ಕಾವಲು ಬಂದವನು. ನಗುನಗುತ್ತಾ ಶರಬತ್ತು ತೆಗೆದುಕೊಂಡ.

"ಮುಬಾರಕ್. ವರ ಎಲ್ಲಿ? ಅವನಿಗೂ ಒಂದು ಮಾತು ಹೇಳಿ ಹೋಗ್ತೀನಿ."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮೇಳದವರ ಕಸುಬಿನಲ್ಲಿ ವರ ಎನ್ನುವುದು ಎದುರು ಪಾರ್ಟಿಯವರು ತರುವ ಸಾಮಾನು. ತುತ್ತೂರಿ ತಂದಿದ್ದೆವು, ಕಾರು ತಂದಿದ್ದೆವು, ಹೂ ತಂದಿದ್ದೆವು. ವರನೊಬ್ಬ ಬೇಕೆಂದು ನಮ್ಮಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

"ಕುವೈತ್‌ನಲ್ಲಿದ್ದಾನೆ ಸಾಹೇಬ್ರೇ," ಎಂದೆ. ನಿಜವೇ ಹೇಳಿದೆ, ಹಾಳು ಬಾಯಿ.

ಲೋಟ ಅವನ ತುಟಿಯ ಹತ್ತಿರ ನಿಂತಿತು. "ಮದುವೆ ಯಾವಾಗ?"

"ಈದ್ ಆದ್ಮೇಲೆ."

"ಹಾಗಾದ್ರೆ ಇವತ್ತು ಇದೇನು?"

ಅವನ ಕಣ್ಣು ಸ್ಟ್ಯಾಂಡಿನ ಕಡೆಗೆ ಹೋಯಿತು. ಆಮೇಲೆ ಆಗಿದ್ದನ್ನು ಹೇಳಲು ಹೆಚ್ಚಿಲ್ಲ. ಡೋಲು ನಿಲ್ಲಿಸು ಎಂದ, ನಿಲ್ಲಿಸಿದೆ. ಕ್ಯಾಮೆರಾ ಕಿತ್ತುಕೊಂಡ. ಆಮೇಲೆ ತಲೆಯೆತ್ತಿ ಕೂಗಿದ, "ಅದನ್ನ ಮೇಲಕ್ಕೆಳ್ಕೊಳ್ರೀ."

ಅದೀಲಾ ಹಗ್ಗ ಹಿಡಿದೇ ಬಗ್ಗಿ ನೋಡಿದಳು. "ಆಗಲ್ಲ ಮಗನೇ. ಇಳಿದ ಉಡುಪು ಮೇಲಕ್ಕೆ ಹೋಗಬಾರ್ದು."

"ಯಾವ ಕಾನೂನದು?"

"ನಿಂದಕ್ಕಿಂತ ಹಳೇದು."

ಅವಳು ನಿಧಾನವಾಗಿ ಹಗ್ಗ ಬಿಡುತ್ತಾ ಹೋದಳು. ಡೋಲಿಲ್ಲ, ಜಗರೀತ್ ಇಲ್ಲ, ಒಂದು ಕೆಮ್ಮೂ ಇಲ್ಲ. ನನ್ನ ಮಗಳ ಮದುವೆಯ ಉಡುಪು ಸತ್ತ ಮನೆಯ ಸಾಮಾನಿನ ಹಾಗೆ ಸದ್ದಿಲ್ಲದೆ ಇಳಿದು ಬಂತು. ಹನಿಯ್ಯಾ ಅದನ್ನು ಎದೆಗೊತ್ತಿಕೊಂಡು ಅತ್ತಳು. ಕೋಲು ಇನ್ನೂ ನನ್ನ ಕೈಯಲ್ಲೇ ಇತ್ತು. ಯಾರದೋ ತಲೆ ಒಡೆಯಬೇಕು ಅನ್ನಿಸುತ್ತಿತ್ತು. ಒಂದು ಹೆಂಗಸು ಒಂದು ಹಗ್ಗವನ್ನು ನೋಡುತ್ತೇನೆ ಅಂದದ್ದಕ್ಕೆ ಇಷ್ಟೊಂದು ಭಯವೇ ಈ ಸರ್ಕಾರಕ್ಕೆ?

ಕ್ಯಾಮೆರಾ ಆಮೇಲೆ ವಾಪಸು ಬಂತು. ಒಳಗೆ ಎಲ್ಲ ಅಳಿಸಿ ಹಾಕಿದ್ದರು.

ಗಲ್ಲಿ ಹೋಯಿತು. ಅದೀಲಾಳಿಗೆ ಊರಾಚೆ, ಮರಳುಗಾಡಿನ ಅಂಚಿನ ಹೊಸ ಕಟ್ಟಡಗಳಲ್ಲಿ ಮನೆ ಕೊಟ್ಟರು. ನೆಲಮಹಡಿ. ಕಿಟಕಿಗೆ ಕಬ್ಬಿಣದ ಸರಳು, ಬಾಲ್ಕನಿ ಇಲ್ಲ. ಹಗ್ಗವನ್ನು ಸುತ್ತಿ ಗೋಡೆಯ ಮೊಳೆಗೆ ತೂಗುಹಾಕಿದಳು. ಕೇಳಿದವರಿಗೆ, "ಅದಕ್ಕೀಗ ಪಿಂಚಣಿ," ಅನ್ನುತ್ತಿದ್ದಳು. ನನ್ನ ಅಳಿಯನಾಗುವವನಿಗೆ ಕುವೈತಿನಲ್ಲಿ ರಜೆ ಸಿಗದೆ ಮದುವೆ ಮುಂದಕ್ಕೆ ಹೋಯಿತು. ಉಡುಪು ಮೂಕವಾಗಿ ಇಳಿದದ್ದರ ಫಲ ಎಂದು ನಮ್ಮ ಹೆಂಗಸರೆಲ್ಲ ಗುಸುಗುಸು ಅಂದರು. ಹನಿಯ್ಯಾ ಗಂಟನ್ನು ಬಿಚ್ಚಿಯೇ ಇರಲಿಲ್ಲ.

ಅಂತೂ ಮದುವೆಯ ದಿನ ಗೊತ್ತಾದ ವಾರವೇ ಸಮೀಹಾಳಿಗೆ ಕಚೇರಿಯಿಂದ ಫೋನು ಬಂತು. ಪರವಾನಗಿ ಸಿಕ್ಕಿದೆ, ಅಭಿನಂದನೆಗಳು. ಸಬ್ಬಾಗ್ ಗಲ್ಲಿ, ಮೂರನೇ ಮಹಡಿಯ ಬಾಲ್ಕನಿ, ಹಗಲು ಬೆಳಕಿನಲ್ಲಿ ಮಾತ್ರ. ಚಿತ್ರಕಥೆಯಲ್ಲಿ ಇದ್ದದ್ದನ್ನೇ ಹಿಡಿಯಬೇಕು, ನೋಡಿಕೊಳ್ಳಲು ಕಚೇರಿಯವರು ಬರುತ್ತಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇವರು ಕೋಟೆಯನ್ನೂ ಕೆಡವಿ ಬಾಗಿಲಿಗೆ ಮುದ್ರೆ ಒತ್ತಿಕೊಟ್ಟರು.

"ಹರಿದು ಎಸಿ ಆ ಕಾಗದಾನ," ಎಂದೆ ನಾನು.

ಸಮೀಹಾ ಬೀಜದ ಸಿಪ್ಪೆ ಉಗಿದಳು. "ಯಾಕೆ ಎಸೀಲಿ ಉಸ್ತಾ? ಇಷ್ಟು ಕಷ್ಟಪಟ್ಟು ತಗೊಂಡಿದ್ದು. ಹನಿಯ್ಯಾಗೆ ಉಡುಪು ತರೋಕೆ ಹೇಳು. ನೀನು ಡೋಲು ತಗೊಂಡು ಬಾ."

ಹೋದೆವು. ಗಲ್ಲಿಯಿದ್ದ ಜಾಗದಲ್ಲಿ ಸಮತಟ್ಟಾದ ಮಣ್ಣು. ಕಾಫಿ ಅಂಗಡಿ ಇಲ್ಲ, ಚರಂಡಿ ಇಲ್ಲ, ಒಂದು ಬೆಕ್ಕು ಕೂಡ ಇಲ್ಲ. ಆಚೆ ಸೇತುವೆಯ ಕಂಬಗಳು ಏಳುತ್ತಿದ್ದವು. ಅದೀಲಾಳನ್ನು ಟ್ಯಾಕ್ಸಿಯಲ್ಲಿ ಕರೆತಂದಿದ್ದೆವು. ಅವಳು ಹಗ್ಗವನ್ನೂ ತಂದಿದ್ದಳು. ನಮ್ಮ ಕಡೆಯ ಹೆಂಗಸರು ಬಂದಿದ್ದರು. ವಗ್ದಿ ಕಂಕುಳಲ್ಲಿ ಕಡತ ಇಟ್ಟುಕೊಂಡು ಬಂದ, ಸುತ್ತ ನೋಡಿದ, ಬೆವರು ಒರೆಸಿಕೊಂಡ.

"ಬಾಲ್ಕನಿ ಎಲ್ಲಿ?"

"ನಿಮ್ಮ ಕಾಗದದಲ್ಲಿದೆ ಉಸ್ತಾದ್," ಎಂದಳು ಸಮೀಹಾ.

"ತಮಾಷೆ ಬೇಡ. ಕಾಗದದಲ್ಲಿ ಇಲ್ಲದ್ದನ್ನ ಹಿಡಿಯೋ ಹಾಗಿಲ್ಲ. ಈ ಪಾಳು ಜಾಗ, ಯಂತ್ರ, ಯಾವುದೂ ಚಿತ್ರದಲ್ಲಿ ಬರಕೂಡ್ದು."

"ಬರಲ್ಲ. ಮೂರನೇ ಮಹಡಿ ಎಷ್ಟೆತ್ತರ ಇತ್ತೋ ಅಲ್ಲಿಗೇ ಹಿಡೀತೀನಿ."

ಸ್ಟ್ಯಾಂಡು ನೆಟ್ಟಳು, ಕ್ಯಾಮೆರಾವನ್ನು ಮೇಲಕ್ಕೆ ತಿರುಗಿಸಿದಳು. ಅಲ್ಲಿ ಆಕಾಶ ಬಿಟ್ಟು ಏನಿತ್ತು? ವಗ್ದಿ ಬಗ್ಗಿ ಪರದೆ ನೋಡಿದ. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬಾಲ್ಕನಿ ಇಲ್ಲ ಎಂದರೆ ಮುದ್ರೆ ಒತ್ತಿದ ಅವನ ಕಾಗದವೇ ಸುಳ್ಳಾಗಬೇಕು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕೈಕೆಳಗಿನವನು, ಪಾಪ, ಕಟ್ಟಲೇಬೇಕು.

"ಖಾಲ್ತಿ, ನಿನ್ನ ಮಾತು," ಎಂದಳು ಸಮೀಹಾ.

ಗುಮಾಸ್ತನ ಮಾತು ನನ್ನ ಬಾಯಲ್ಲಿ ಬರದು ಎಂದಿದ್ದ ಅದೀಲಾ, ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಆ ಬಯಲಿನ ನಡುವೆ ನಿಂತಳು. ತನ್ನ ಅಡುಗೆಮನೆ ಎಲ್ಲಿತ್ತೋ ಹುಡುಕುವವಳಂತೆ ಒಮ್ಮೆ ಸುತ್ತ ನೋಡಿದಳು. ಆಮೇಲೆ ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ ಹೇಳಿದಳು.

"ನಮ್ಮ ಗಲ್ಲಿ ಬಹಳ ಸ್ವಚ್ಛವಾಗಿದೆ. ಇಲ್ಲಿ ಯಾರಿಗೂ ಯಾವ ತೊಂದರೆಯೂ ಇಲ್ಲ."

ಹೆಂಗಸರಲ್ಲಿ ಯಾರೋ ಬಿಕ್ಕಿದರು. ವಗ್ದಿಯ ಮುಖ ಸುಣ್ಣವಾಯಿತು. "ಸಾಕು, ನಿಲ್ಸಿ," ಎಂದ.

ಸಮೀಹಾ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. "ಯಾಕೆ ಉಸ್ತಾದ್? ನೀವೇ ಬರೆದಿದ್ದು. ಒಂದಕ್ಷರ ತಪ್ಪಿದ್ರೆ ಹೇಳಿ, ಇನ್ನೊಂದ್ಸಲ ಹೇಳಿಸ್ತೀನಿ."

ಅವನು ಕಡತ ಬಿಚ್ಚಿದ, ಬೆರಳಿಟ್ಟು ಓದಿದ. ಒಂದಕ್ಷರವೂ ತಪ್ಪಿರಲಿಲ್ಲ. ಡೋಲಿಲ್ಲದೆ ಇಳಿದದ್ದು ಇಳಿದ ಲೆಕ್ಕವಲ್ಲ ಎಂದು ಅದೀಲಾ ಹನಿಯ್ಯಾಳ ಗಂಟಿಗೆ ಹಗ್ಗ ಕಟ್ಟಿ, ತನ್ನ ಕೈ ಎಷ್ಟೆತ್ತರಕ್ಕೆ ಹೋಗುತ್ತದೋ ಅಷ್ಟೆತ್ತರಕ್ಕೆ ಎತ್ತಿ ಹಿಡಿದಳು. ಹೆಂಗಸರು ಕೈ ಚಾಚಿದರು. ನಾನು ಡೋಲಿಗೆ ಕೋಲು ಕೊಟ್ಟೆ, ಈ ಸಲ ನಿಲ್ಲಿಸು ಎಂದರೂ ನಿಲ್ಲಿಸುತ್ತಿರಲಿಲ್ಲ. ಜಗರೀತ್‌ನ ಸದ್ದಿಗೆ ಸೇತುವೆಯ ಕೂಲಿಯವರು ಕೆಲಸ ಬಿಟ್ಟು ತಿರುಗಿ ನೋಡಿದರು. ತಲೆಯ ಮೇಲಿನಿಂದ ಎದೆಯವರೆಗೆ, ಇಷ್ಟೇ ಇಷ್ಟು ದೂರ, ಉಡುಪು ಇಳಿದು ನನ್ನ ಮಗಳ ಕೈ ಸೇರಿತು. ಅದು ಯಾವುದೂ ಚಿತ್ರದಲ್ಲಿ ಕಾಣುವುದಿಲ್ಲ, ಕೇಳಿಸುತ್ತದೆ ಅಷ್ಟೇ. ಚಿತ್ರದ ತುಂಬ ಬರೀ ಆಕಾಶ.

ಎಲ್ಲ ಮುಗಿದ ಮೇಲೆ ವಗ್ದಿ ಶೂಗಳ ಧೂಳು ಕೊಡವಿಕೊಂಡ. ಮೊಣಕಾಲಿನ ಮೇಲೆ ಕಡತ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ, ತನ್ನ ಚೆಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿದ: ಎಲ್ಲವೂ ಚಿತ್ರಕಥೆಯಲ್ಲಿ ಇರುವಂತೆಯೇ ಇದೆ.